ಹೊಳೆಗೆ ಬಿಟ್ಟ ಬಟ್ಟೆ

ನಂಜನಗೂಡಿನಲ್ಲಿ ಹೊಳೆದಂಡೆಗೇ ಒಂದು ಮನೆ ನೋಡಿದ್ದೇನೆ, ಹೋಗಿಬಿಡೋಣ ಅಂತಿದ್ದೇವೆ, ಹೇಗೆ ಎಂದು ನಮ್ಮ ಶಾಲೆಯ ಗಣಿತದ ಮೇಷ್ಟರು ಮೊನ್ನೆ ಕೇಳಿದರು. ಯಾವಾಗ ನೋಡಿದಿರಿ ಎಂದೆ. ಬುಧವಾರ ಮಧ್ಯಾಹ್ನ ಎಂದರು. ಬುಧವಾರ ಮಧ್ಯಾಹ್ನ ನೋಡಿದರೆ ಯಾವ ಊರಾದರೂ ಚೆನ್ನಾಗಿಯೇ ಇರುತ್ತದೆ ಸ್ವಾಮಿ, ಬೇಸಿಗೆಯಲ್ಲಿ ಒಂದು ಸೋಮವಾರ ಬೆಳಿಗ್ಗೆ ಬನ್ನಿ, ಮೂಗು ತೆರೆದುಕೊಂಡು ಬನ್ನಿ ಎಂದೆ. ಅವರು ತಮಾಷೆ ಎಂದುಕೊಂಡು ನಕ್ಕರು. ನನಗೆ ನಗು ಬರಲಿಲ್ಲ. ಬಸ್ಸಿನ ಹೊತ್ತಾಗಿದ್ದರಿಂದ ಅವರಿಗೆ ಪೂರ್ತಿ ಹೇಳಲಾಗಲಿಲ್ಲ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾವು ಮನೆ ನೋಡಿದ್ದು ಮಳೆಗಾಲದಲ್ಲಿ. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟಿದ್ದರು. ಕಪಿಲೆ ಕೆಂಪಗೆ ದಡ ತುಂಬಿ ಹರಿಯುತ್ತಿತ್ತು. ಹಿತ್ತಿಲ ಬಾಗಿಲು ತೆಗೆದರೆ ಗಾಳಿ, ದೂರದಿಂದ ದೇವಸ್ಥಾನದ ಗಂಟೆ. "ಇಂಥ ಪುಣ್ಯದ ಜಾಗ ಉಡುಕಿದ್ರೂ ಸಿಕ್ಕಲ್ಲ ಕಣ್ರೀ ಮೇಡಂ" ಎಂದ ಮನೆ ತೋರಿಸಿದ ದಲ್ಲಾಳಿ. ಅವ್ವ ಹಿತ್ತಿಲ ಕಟ್ಟೆಯ ಮೇಲೆ ಕೂತು ನೀರನ್ನೇ ನೋಡುತ್ತಿದ್ದಳು. ಒಳಗೆ ಅಡುಗೆಮನೆ ಇದೆಯೋ ಇಲ್ಲವೋ ಎಂದು ತಿರುಗಿಯೂ ನೋಡಲಿಲ್ಲ. ಅವಳ ಮುಖ ನೋಡಿ ನಾನು ಒಪ್ಪಿಕೊಂಡೆ. ನೀರು ಇಳಿದ ಮೇಲೆ ಅದರಡಿಯಲ್ಲಿ ಏನಿರುತ್ತದೆ ಎಂದು ದಲ್ಲಾಳಿಯೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಅವ್ವ ಹುಟ್ಟಿದ್ದು ಹುಲ್ಲಹಳ್ಳಿಯ ಹತ್ತಿರ, ಇದೇ ಹೊಳೆಯ ಮೇಲಿನ ದಂಡೆಯ ಒಂದು ಹಳ್ಳಿಯಲ್ಲಿ. ಅಪ್ಪ ಹೋದ ಮೇಲೆ ಅವಳು ಬಂದು ಇದ್ದದ್ದು ನನ್ನ ಜೊತೆ, ಮೈಸೂರಿನಲ್ಲಿ, ಒಂದು ಮಹಡಿ ಮನೆಯಲ್ಲಿ. ನಾನು ಮದುವೆಯಾದವಳಲ್ಲ. ಬೆಳಿಗ್ಗೆ ಬಸ್ಸು ಹಿಡಿದು ಹುಲ್ಲಹಳ್ಳಿಯ ಕಡೆ ಶಾಲೆಗೆ ವಿಜ್ಞಾನ ಪಾಠ ಮಾಡಲು ಹೊರಟರೆ ಬರುವುದು ಸಂಜೆ. ಅಲ್ಲಿಯವರೆಗೆ ಅವ್ವ ಒಬ್ಬಳೇ. ಕೆಳಗಿನ ಮನೆಯವರ ಭಾಷೆ ಅವಳಿಗೆ ಬಾರದು, ಅವಳ ಮಾತು ಅವರಿಗೆ ನಗು. ವರ್ಷಗಟ್ಟಲೆ ಟೀವಿಯ ಮುಂದೆ ಕೂತು ಕೂತು ಅವಳ ದನಿಯೇ ಸಣ್ಣಗಾಗಿತ್ತು. ದಿನಾ ಬಕೆಟ್ಟಿನ ಮುಂದೆ ನಿಂತು ಒಂದೇ ಮಾತು: "ಇದು ಸ್ನಾನ್ವಾ ಮಗ? ಒಳೇಲಿ ಮುಳುಗಿ ಎದ್ರೆ ಸ್ನಾನ." ನನಗೂ ಬಸ್ಸಿನ ದಾರಿ ಅರ್ಧ ಆಗುತ್ತದೆ, ಅವಳಿಗೂ ಹೊಳೆ ಸಿಗುತ್ತದೆ ಎಂದು ಸಾಮಾನು ಕಟ್ಟಿದೆ.

ಇಲ್ಲಿಗೆ ಬಂದ ಅವ್ವ ಬೇರೆ ಹೆಂಗಸೇ ಆದಳು. ಎದುರು ಮನೆಯಲ್ಲಿ ಒಬ್ಬ ಅಕ್ಕ ಇದ್ದಾರೆ. ಗಂಡನಿಗೆ ಪೇಟೆಯಲ್ಲಿ ದಿನಸಿ ಅಂಗಡಿ. ಅವರ ಜಗಲಿಯೇ ನಮ್ಮ ಬೀದಿಯ ಹೆಂಗಸರ ಸಭೆ. ಬೆಳಗಾಗುತ್ತಲೇ ಆ ಅಕ್ಕ ಮತ್ತು ಇನ್ನೂ ಕೆಲವು ಹೆಂಗಸರು ಬಂದು, "ಅವ್ವಾರೇ, ಬತ್ತೀರಾ?" ಎಂದು ಬಾಗಿಲಲ್ಲಿ ಕೂಗುತ್ತಿದ್ದರು. ಅವ್ವ ಒಂದು ಸೀರೆ, ಒಂದು ತಂಬಿಗೆ ಹಿಡಿದು ಹೊರಡುತ್ತಿದ್ದಳು. ಅವಳ ಮಂಡಿ ನೆಟ್ಟಗಿಲ್ಲ. ಆ ಕಡೆ ಒಬ್ಬರು, ಈ ಕಡೆ ಒಬ್ಬರು ಕೈ ಹಿಡಿದು ಮೆಟ್ಟಿಲು ಇಳಿಸುತ್ತಿದ್ದರು. ಹಿತ್ತಿಲಲ್ಲಿ ಹಲ್ಲುಜ್ಜುತ್ತಾ ನಿಂತರೆ ನೀರಿನಿಂದ ಅವಳ ನಗು ಕೇಳುತ್ತಿತ್ತು. ಅವ್ವ ಜೋರಾಗಿ ನಗುತ್ತಾಳೆ ಎನ್ನುವುದನ್ನೇ ನಾನು ಮರೆತಿದ್ದೆ.

ಮಳೆಗಾಲ ಮುಗಿಯಿತು, ನೀರು ಇಳಿಯಿತು. ಆಗ ಶುರುವಾಯಿತು ನೋಡಿ.

ಇಲ್ಲೊಂದು ಪದ್ಧತಿ ಇದೆ. ಕಾಯಿಲೆಯೋ ಕಷ್ಟವೋ ಗ್ರಹಚಾರವೋ ಹಿಡಿದವರು ಬಂದು ಹೊಳೆಯಲ್ಲಿ ಮುಳುಗುತ್ತಾರೆ, ದೇವರ ವಾರವೆಂದು ಸೋಮವಾರವಂತೂ ಜಾತ್ರೆಯೇ. ಉಟ್ಟ ಬಟ್ಟೆಯನ್ನು ಅಲ್ಲೇ ನೀರಿಗೆ ಬಿಡುತ್ತಾರೆ. ಬೇರೆ ಉಟ್ಟು, ಹಿಂತಿರುಗಿ ನೋಡದೆ ಮೆಟ್ಟಿಲು ಹತ್ತುತ್ತಾರೆ. ಬಟ್ಟೆಯ ಜೊತೆ ಕಷ್ಟವೂ ಹೋಯಿತು ಎಂದು ಲೆಕ್ಕ. ಹಿಂತಿರುಗಿ ನೋಡಬಾರದು ಎಂಬ ನಿಯಮ ಮಾಡಿದವನು ಬಲು ಜಾಣ. ನೋಡಿದ್ದರೆ ಗೊತ್ತಾಗುತ್ತಿತ್ತು, ಅವರ ಬಟ್ಟೆ ಎಲ್ಲಿಗೂ ಹೋಗುವುದಿಲ್ಲ. ಕೆಳಗಿನ ಮೆಟ್ಟಿಲಿಗೆ ಸುತ್ತಿಕೊಂಡು ಅಲ್ಲೇ ಕೂರುತ್ತದೆ.

ಹಿಂದಿನ ಕಾಲದಲ್ಲಿ ಹತ್ತಿಬಟ್ಟೆ ಇತ್ತು, ಕೊಳೆತು ಮಣ್ಣಾಗುತ್ತಿತ್ತು ಎಂದಿಟ್ಟುಕೊಳ್ಳೋಣ. ಈಗ ಎಲ್ಲ ಪಾಲಿಯೆಸ್ಟರ್. ನೈಟಿ, ಬರ್ಮುಡಾ ಚಡ್ಡಿ, ಬೆಲ್ಟಿನ ಸಮೇತ ಪ್ಯಾಂಟು, ಮಗುವಿನ ಸ್ವೆಟರು, ಒಳಬಟ್ಟೆ. ಹೌದು, ಒಳಬಟ್ಟೆಯೂ. ದೇವರಿಗೆ ಒಳಬಟ್ಟೆ ಅರ್ಪಿಸುವ ಭಕ್ತಿಯನ್ನು ನಾನು ಈ ಊರಿನಲ್ಲೇ ನೋಡಿದ್ದು. ಅದರ ಮೇಲೆ ಮುಡಿ ಕೊಟ್ಟವರ ಕೂದಲು, ಶಾಂಪೂ ಚೀಟಿ, ಸೋಪಿನ ರಟ್ಟು, ಒಡೆದ ಗಾಜಿನ ದೇವರ ಪಟ, ಊದುಬತ್ತಿಯ ಪ್ಯಾಕೆಟ್ಟು, ಬಾಳೆಎಲೆಯಲ್ಲಿ ಉಂಡು ಬಿಟ್ಟ ಪುಳಿಯೋಗರೆ. ಬೇಸಿಗೆಯಲ್ಲಿ ಇದೆಲ್ಲ ಬಿಸಿಲಿಗೆ ಬೆಂದು ಒಂದು ವಾಸನೆ ಬರುತ್ತದೆ. ಆ ವಾಸನೆ ಹಿತ್ತಿಲ ಬಾಗಿಲ ಸಂದಿಯಿಂದ ಒಳಗೆ ಬಂದು ಕಾಫಿ ಲೋಟದ ಮೇಲೆ ಕೂರುತ್ತದೆ. ನನಗೆ ಎಷ್ಟೋ ದಿನ ತಿಂಡಿ ಸೇರಲಿಲ್ಲ. 

ಇದೇ ನೀರು ಮುಂದೆ ತಿರುಮಕೂಡಲಿಗೆ ಹೋಗಿ ಕಾವೇರಿಯನ್ನು ಸೇರುತ್ತದೆ. ಟಿ. ನರಸೀಪುರದಲ್ಲಿ ನನ್ನ ಚಿಕ್ಕಮ್ಮ ಇದ್ದಾಳೆ. ಸಂಗಮದ ನೀರನ್ನು ತೀರ್ಥವೆಂದು ಬಾಟಲಿಯಲ್ಲಿ ತುಂಬಿ ನೆಂಟರಿಗೆಲ್ಲ ಹಂಚುವವಳು. ನಂಜನಗೂಡಿನವರ ಚಡ್ಡಿ ತೊಳೆದ ನೀರು ಅದು, ಕುಡಿಯಬೇಡ ಎಂದು ಫೋನಿನಲ್ಲಿ ಹೇಳಿದೆ. ಅವಳು ಪಟ್ಟನೆ ಫೋನಿಟ್ಟಳು. ಆಮೇಲೆ ಅವ್ವನಿಗೆ ಫೋನು ಮಾಡಿ, ನಿನ್ನ ಮಗಳಿಗೆ ಓದಿಸಿದ್ದು ಜಾಸ್ತಿಯಾಯಿತು ಎಂದಳಂತೆ.

ಅವ್ವನಿಗೆ ಮಾತ್ರ ಇದ್ಯಾವುದೂ ಕಾಣುತ್ತಿರಲಿಲ್ಲ. "ಅರಿಯೋ ನೀರು ಕಣವ್ವ, ಅದುಕ್ಕೇನು ಮೈಲಿಗೆ" ಎಂದು ತಂಬಿಗೆಯಲ್ಲಿ ತುಂಬಿಕೊಂಡು ಬಂದು ದೇವರ ಮುಂದಿಡುತ್ತಿದ್ದಳು. ನಾನು ಕದ್ದು ಗಿಡಕ್ಕೆ ಸುರಿಯುತ್ತಿದ್ದೆ. ಗಿಡಕ್ಕೇನೂ ಆಗಲಿಲ್ಲ, ಅದು ಬೇರೆ ಮಾತು.

ಹೀಗಿರುವಾಗ ಒಂದು ಬೆಳಿಗ್ಗೆ ಹೊಳೆಯ ಕಡೆಯಿಂದ ಕಿರುಚಾಟ ಕೇಳಿಸಿತು. ಓಡಿ ಹೋದೆ. ನೀರಿನಡಿಯಲ್ಲಿ ಯಾರೋ ಬಿಟ್ಟ ಸೀರೆ ಅವ್ವನ ಎರಡೂ ಕಾಲಿಗೆ ಸುತ್ತಿಕೊಂಡಿತ್ತು. ಎತ್ತಿದ ಕಾಲು ಮುಂದಿಡಲಾಗದೆ ಮುಗ್ಗರಿಸಿ ಮುಳುಗಿದ್ದಳು. ಹೆಂಗಸರು ಜುಟ್ಟು ಹಿಡಿದು ಎಳೆದು ಮೆಟ್ಟಿಲ ಮೇಲೆ ಮಲಗಿಸಿದ್ದರು. ಅವಳು ಕೆಮ್ಮಿ ಕೆಮ್ಮಿ ಕಂದು ನೀರು ಕಾರುತ್ತಿದ್ದಳು. ಎದುರು ಮನೆಯ ಅಕ್ಕ ಬೆನ್ನು ಉಜ್ಜುತ್ತಾ ತಾವೂ ಅಳುತ್ತಿದ್ದರು. ಅವ್ವನ ಕಾಲಿನಿಂದ ಆ ಸೀರೆಯನ್ನು ಬಿಡಿಸಿದವಳು ನಾನು. ಲೋಳೆಲೋಳೆಯಾಗಿತ್ತು, ಅಂಚಿನಲ್ಲಿ ಯಾರದ್ದೋ ಕೂದಲಿನ ಉಂಡೆ ಸಿಕ್ಕಿಕೊಂಡಿತ್ತು. ಥೂ, ಈಗ ಬರೆಯುವಾಗಲೂ ಬೆರಳಿಗೆ ಅದೇ ನೆನಪು.

ಬಿದ್ದ ರಭಸಕ್ಕೆ ಅವ್ವನ ಮಣಿಕಟ್ಟು ಊದಿಕೊಂಡಿತ್ತು, ಪಟ್ಟಿ ಕಟ್ಟಿಸಿಕೊಂಡು ಬಂದೆವು. ಇನ್ನು ಹೊಳೆಗೆ ಕಾಲಿಡುವಂತಿಲ್ಲ ಎಂದು ಕಡ್ಡಿ ಮುರಿದ ಹಾಗೆ ಹೇಳಿದೆ. ಅವ್ವ ಮಾರನೆಯ ದಿನದಿಂದ ಹಿತ್ತಿಲ ಬಾಗಿಲ ಕಡೆ ಮುಖ ಮಾಡಿ, ನನ್ನ ಕಡೆ ಬೆನ್ನು ಮಾಡಿ ಕೂತಳು. ಊಟಕ್ಕೆ ಕರೆದರೆ ಅರ್ಧ ಮುದ್ದೆ ತಿಂದು ಮತ್ತೆ ಅಲ್ಲೇ. ಹೆಂಗಸರು ಕೂಗಿದರೆ, "ನನ್ ಮಗ್ಳು ಬುಡಾಕಿಲ್ಲ, ನೀವ್ ಓಗ್ರವ್ವ" ಎನ್ನುತ್ತಿದ್ದಳು. ಆ ದನಿ ಮೈಸೂರಿನ ಮಹಡಿಯ ದನಿ. ಅವಳು ಮತ್ತೆ ಹಾಗಾಗುವುದನ್ನು ನೋಡಲು ನನ್ನಿಂದ ಆಗಲಿಲ್ಲ.

ಸರಿ, ಅವಳನ್ನು ಹೊಳೆಯಿಂದ ದೂರ ಇಡಲು ಆಗದಿದ್ದರೆ ಹೊಳೆಯನ್ನೇ ಚೊಕ್ಕಟ ಮಾಡೋಣ ಎಂದುಕೊಂಡೆ. ಇಡೀ ಹೊಳೆ ಅಲ್ಲ, ಅವಳು ಇಳಿಯುವಷ್ಟು ಜಾಗ. ನುಗ್ಗೆಕಾಯಿ ಕೀಳುವ ದೋಟಿ ಮನೆಯಲ್ಲಿತ್ತು. ಉದ್ದದ ಬಿದಿರು ಗಳ, ತುದಿಯಲ್ಲಿ ಕೊಕ್ಕೆ. ಒಂದು ಭಾನುವಾರ ಬೆಳಿಗ್ಗೆ ಶಾಲೆಗೆ ಉಡುವ ನೀಲಿ ಸೀರೆಯನ್ನೇ ಎತ್ತಿ ಕಟ್ಟಿ, ಮೂಗಿಗೆ ಕರ್ಚೀಫು ಬಿಗಿದು, ಮೆಟ್ಟಿಲ ಮೇಲೆ ನಿಂತು ಬಟ್ಟೆ ಎಳೆಯಲು ಶುರು ಮಾಡಿದೆ. ಎಳೆದಷ್ಟೂ ಬರುತ್ತಿತ್ತು. ಒಂದಕ್ಕೊಂದು ಹೆಣೆದುಕೊಂಡು, ಕೆಸರು ಸುರಿಸುತ್ತಾ, ಒಂದು ನೈಟಿಯ ಹಿಂದೆ ಮೂರು ಪಂಚೆ. ದಡದ ಮೇಲೆ ಗುಡ್ಡೆ ಹಾಕಿದೆ. ಎರಡು ಸಲ ವಾಂತಿ ಮಾಡಿಕೊಂಡೆ, ಬಾಯಿ ಮುಕ್ಕಳಿಸಿ ಮತ್ತೆ ಎಳೆದೆ. ಸಿಟ್ಟಿನಲ್ಲಿ ನನಗೆ ಎಲ್ಲಿಲ್ಲದ ಶಕ್ತಿ ಬರುತ್ತದೆ.

ಆಗಲೇ ಎದುರು ಮನೆಯ ಅಕ್ಕ ಬಂದದ್ದು. ಮೇಲಿನ ಮೆಟ್ಟಿಲಲ್ಲೇ ನಿಂತು ಗಾಬರಿಯಿಂದ ಕೂಗಿದರು. "ಟೀಚರ್ರೇ, ಮುಟ್ಬೇಡಿ ಕಣ್ರೀ! ಯಾರ್ ಪೀಡೆನೋ ಏನೋ, ಕಳೀಲಿ ಅಂತ ಬಿಟ್ಟೋಗಿರ್ತಾರೆ. ಎತ್ತಿದೋರ ಮೈಮೇಲೆ ಬತ್ತದೆ."

ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ಆದರೆ ನನ್ನ ತಲೆ ಆಗಲೇ ಕೆಟ್ಟಿತ್ತು. ತರಗತಿಯಲ್ಲಿ ಹಿಂದಿನ ಬೆಂಚಿನವರೆಗೆ ಕೇಳಿಸುವ ದನಿಯಲ್ಲಿ ಹೇಳಿದೆ: "ಪೀಡೆ ಪಾಲಿಯೆಸ್ಟರಿಗೆ ಅಂಟಲ್ಲ ಅಕ್ಕ, ಕೊಳೆ ಅಂಟುತ್ತೆ. ಈ ಗುಡ್ಡೆಯಲ್ಲಿ ನಿಮ್ಮದೂ ಒಂದಿದ್ದರೆ ಹೇಳಿ, ಒಗೆದು ಮಡಿಸಿ ಮನೆಗೇ ತಂದುಕೊಡ್ತೀನಿ."

ಹೊಳೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅಕ್ಕನ ಮುಖ ಕಪ್ಪಿಟ್ಟಿತು. ಅವರು ಮೆಟ್ಟಿಲು ಹತ್ತಿ ಹೋದರು. ಅವರ ಮಗಳಿಗೆ ಗರ್ಭ ನಿಲ್ಲದೆ, ತಿಂಗಳ ಹಿಂದೆ ಅದೇ ಮೆಟ್ಟಿಲಲ್ಲಿ ಮುಳುಗಿಸಿ ಸೀರೆ ಬಿಡಿಸಿದ್ದರಂತೆ. ಇದು ನನಗೆ ತಿಳಿದದ್ದು ಸಂಜೆ, ಅವ್ವನ ಬಾಯಿಂದ.

ಆ ವಾರದಿಂದ ನಮ್ಮ ಬೀದಿ ಬದಲಾಯಿತು. ಕೆಲಸದವಳು ಬರಲಿಲ್ಲ. ದಾರಿಯಲ್ಲಿ ಸಿಕ್ಕಾಗ ಕೇಳಿದರೆ, "ಮನೇಲಿ ಮಕ್ಳು ಮರಿ ಅವೆ ಕಣಕ್ಕ, ತಪ್ಪು ತಿಳ್ಕಬ್ಯಾಡಿ" ಎಂದು ಗೋಡೆಯ ಪಕ್ಕಕ್ಕೆ ಸರಿದು ಹೋದಳು. ಹಾಲಿನವನು ಪ್ಯಾಕೆಟ್ಟನ್ನು ಕೈಗೆ ಕೊಡುವುದು ಬಿಟ್ಟು ಗೇಟಿಗೆ ಸಿಕ್ಕಿಸಿ ಹೋಗತೊಡಗಿದ. ಶುಕ್ರವಾರ ಅರಿಸಿನ ಕುಂಕುಮಕ್ಕೆ ಅವ್ವನನ್ನು ಕರೆಯುತ್ತಿರಲಿಲ್ಲ, ಅವಳು ಅದಕ್ಕೆ ಹೋಗುವವಳೂ ಅಲ್ಲ. ಆದರೆ ಅದಾದ ಮೇಲೆ ಜಗಲಿಯಲ್ಲಿ ಕೂತು ಹರಟಲು ಕರೆಯುತ್ತಿದ್ದರಲ್ಲ, ಅದೂ ನಿಂತಿತು. ನಾನು ಬಸ್ಸಿಗೆ ಹೊರಟಾಗ ಜಗಲಿಯ ಮೇಲಿನ ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಆ ಮುಖ ನನಗೆ ಚೆನ್ನಾಗಿ ಗೊತ್ತು. ಹಿತ್ತಿಲ ಬಾಗಿಲು ತೆಗೆದಾಗ ಹೊಳೆಯ ಕಡೆ ನಾನು ಮಾಡುವ ಮುಖವೇ ಅದು. ಅವರಿಗೆ ನನ್ನನ್ನು ಕಂಡರೆ ಹೇಸಿಗೆ. ಸ್ನಾನ ಮಾಡಿ, ಇಸ್ತ್ರಿ ಮಾಡಿದ ಸೀರೆ ಉಟ್ಟು ನಡೆಯುವ ನನ್ನನ್ನು ಕಂಡು ಹೇಸಿಗೆ. ಮೈಯೆಲ್ಲ ಉರಿದುಹೋಯಿತು.

ಇಷ್ಟಾದರೂ ಹಟ ಬಿಡಲಿಲ್ಲ. ಭಾನುವಾರ ಬಂದರೆ ದೋಟಿ ಹಿಡಿದು ಹೋಗುತ್ತಿದ್ದೆ. ನಾವು ಇಳಿಯುವ ಮೂಲೆ ಸ್ವಚ್ಛವಾಯಿತು, ಕಾಲಿಟ್ಟರೆ ಕಲ್ಲು ಸಿಗುತ್ತಿತ್ತು. ಕೈ ನೋವು ಕಡಿಮೆಯಾದ ಮೇಲೆ ಅವ್ವನನ್ನು ನಾನೇ ಕರೆದುಕೊಂಡು ಹೋದೆ. ನಮ್ಮನ್ನು ನೋಡಿ ಹೆಂಗಸರು ಆಚೆಯ ಮೆಟ್ಟಿಲಿಗೆ ಹೋದರು. ಅವ್ವ ಮುಳುಗಿದಳು, ಎದ್ದಳು, ಮೈ ಒರೆಸಿಕೊಂಡಳು. ಎಲ್ಲ ಒಂದು ಮಾತಿಲ್ಲದೆ. ಆ ಕಡೆಯಿಂದ ಅವರ ನಗು ಕೇಳಿಸಿದಾಗ ಅತ್ತ ತಿರುಗಿ ಸುಮ್ಮನೆ ನೋಡುತ್ತಾ ನಿಂತಳು. ಅವಳಿಗೆ ಬೇಕಾಗಿದ್ದದ್ದು ಬರೀ ನೀರಲ್ಲ ಎನ್ನುವುದು ನನ್ನ ಮೊದ್ದು ತಲೆಗೆ ಆಗ ಹೊಳೆಯಿತು.

"ಮೈಸೂರಿಗೆ ವಾಪಸ್ಸು ಹೋಗೋಣ ಅವ್ವ. ಈ ಗಬ್ಬು ಊರು ಬೇಡ, ಈ ಜನವೂ ಬೇಡ" ಎಂದೆ ಆ ರಾತ್ರಿ ಊಟಕ್ಕೆ ಕೂತಾಗ.

"ನೀನ್ ಓಗು. ನಾ ಬರಾಕಿಲ್ಲ."

"ನಿನ್ನ ಜೊತೆ ಯಾರು ಮಾತಾಡ್ತಾರೆ ಇಲ್ಲಿ?"

"ಆಡ್ತಾರೆ. ಅವ್ರೇನು ಕೆಟ್ಟೋರಲ್ಲ, ಎದ್ರುಕೊಂಡವ್ರೆ ಅಷ್ಟೇಯ" ಎಂದು ತಟ್ಟೆ ಎತ್ತಿಕೊಂಡು ಎದ್ದಳು.

ಕೆಲವು ದಿನ ಕಳೆದ ಮೇಲೆ ನನ್ನ ನೀಲಿ ಸೀರೆ ಕಾಣೆಯಾಯಿತು. ದಾರದ ಮೇಲೆ ಒಣಹಾಕಿದ್ದು ನೆನಪಿತ್ತು. ಇಲ್ಲಿ ಕೋತಿಗಳ ಕಾಟ ವಿಪರೀತ, ಕೋತಿ ಎಳೆದುಕೊಂಡು ಹೋಯಿತೇನೋ ಎಂದುಕೊಂಡೆ. ಅವ್ವನನ್ನು ಕೇಳಿದರೆ "ನಾ ನೋಡ್ನಿಲ್ಲ" ಎಂದು ಒಲೆಯ ಕಡೆ ತಿರುಗಿದಳು. ಬೆಳ್ಳಂಬೆಳಿಗ್ಗೆ ಅವಳ ತಲೆಗೂದಲು ಒದ್ದೆಯಾಗಿತ್ತು. ಬಚ್ಚಲಲ್ಲಿ ಮಿಂದಿರಬೇಕು ಎಂದುಕೊಂಡು ಬಸ್ಸಿಗೆ ಓಡಿದೆ.

ಅದೇ ವಾರ ಎದುರು ಮನೆಯ ಅಕ್ಕನ ದನಿ ಬಾಗಿಲಲ್ಲಿ ಕೇಳಿಸಿತು. "ಅವ್ವಾರೇ, ಬತ್ತೀರಾ?" ನಾನು ಕಾಫಿ ಲೋಟ ಹಿಡಿದು ಹಾಗೇ ನಿಂತೆ. ಅಕ್ಕ ನನ್ನ ಕಡೆಯೂ ನೋಡಿ, "ಸ್ಕೂಲಿಗೆ ಹೊರಟ್ರಾ ಟೀಚರ್ರೇ?" ಎಂದರು, ಏನೂ ಆಗಿಯೇ ಇಲ್ಲವೆನ್ನುವಂತೆ. ಕೆಲಸದವಳೂ ಬಂದಳು. ಅವ್ವನ ನಗು ಮತ್ತೆ ಹಿತ್ತಿಲವರೆಗೆ ಕೇಳಿಸಿತು. ಕೊನೆಗೂ ಈ ಜನಕ್ಕೆ ಬುದ್ಧಿ ಬಂತಲ್ಲ, ಚೊಕ್ಕಟವಾದ ಮೆಟ್ಟಿಲು ನೋಡಿಯಾದರೂ ಅರ್ಥವಾಯಿತಲ್ಲ ಎಂದು ನಾನು ಬೀಗಿದೆ. ಶಾಲೆಯಲ್ಲಿ ಗಣಿತದ ಮೇಷ್ಟರ ಹತ್ತಿರವೂ ಕೊಚ್ಚಿಕೊಂಡಿದ್ದೆ. ಬಹುಶಃ ಅದನ್ನು ಕೇಳಿಯೇ ಅವರಿಗೆ ಹೊಳೆದಂಡೆಯ ಮನೆಯ ಆಸೆ ಹುಟ್ಟಿರಬೇಕು.

ಮುಂದಿನ ಭಾನುವಾರ ಹೆಂಗಸರು ಬರುವ ಮೊದಲೇ ಮುಗಿಸಿಬಿಡೋಣ ಎಂದು ಬೆಳಕು ಹರಿಯುತ್ತಲೇ ದೋಟಿ ಹಿಡಿದು ಇಳಿದೆ. ನಾವು ಇಳಿಯುವ ಮೂಲೆಯಲ್ಲೇ, ನೀರಿನಡಿಯ ಮೆಟ್ಟಿಲಿಗೆ ಏನೋ ಸುತ್ತಿಕೊಂಡಿತ್ತು. ಕೊಕ್ಕೆ ಹಾಕಿ ಎಳೆದೆ. ನೀರಿನಿಂದ ಮೇಲೆ ಬಂದದ್ದು ನೀಲಿ ಸೀರೆ. ಕೆಸರು ಮೆತ್ತಿತ್ತು. ಆದರೂ ಸೆರಗಿನ ತುದಿಯಲ್ಲಿ ಸೀಮೆಸುಣ್ಣದ ಡಬ್ಬಿಯ ಮೊಳೆಗೆ ಸಿಕ್ಕಿ ಹರಿದದ್ದು, ನಾನೇ ಬಿಳಿದಾರದಲ್ಲಿ ಹೊಲಿದದ್ದು ಹಾಗೇ ಇತ್ತು.

"ತಗೀಬ್ಯಾಡ್ವೇ!"

ತಿರುಗಿ ನೋಡಿದೆ. ಮೇಲಿನ ಮೆಟ್ಟಿಲಲ್ಲಿ ಅವ್ವ, ಬರಿಗಾಲಲ್ಲಿ, ಗೋಡೆ ಹಿಡಿದು ನಿಂತಿದ್ದಳು.

"ಇದು ನನ್ನ ಸೀರೆ ಅಲ್ವಾ ಅವ್ವ?"

"ಊ ಕಣವ್ವ. ಅವತ್ತು ಆ ಪೀಡೆ ಎಲ್ಲಾನೂ ಎಳ್ದಾಗ ನೀನು ಉಟ್ಟಿದ್ದು ಇದ್ನೇಯ. ನೀನು ಬುಡು ಅಂದ್ರೆ ಬುಡಾಳಲ್ಲ. ಅದ್ಕೆ ನಾನೇ ಉಟ್ಕಂಡು ಬಂದು, ನನ್ ಮಗಳ್ದು ಅಂತ ಏಳಿ ಮುಳುಗಿ, ಬುಟ್ಬುಟ್ಟೆ. ಇಂದಕ್ಕೆ ತಿರುಗಿ ನೋಡ್ನಿಲ್ಲ."

"ಒಬ್ಬಳೇ ಬಂದೆಯಾ?"

"ಯಾರ್ ಬತ್ತಾರೆ ನನ್ ಜೊತೆ ಆವಾಗ?"

ನೀರಿನಲ್ಲಿ ಕಾಲು ಸಿಕ್ಕಿ ಬಿದ್ದು ಎರಡು ತಿಂಗಳೂ ಆಗಿರಲಿಲ್ಲ. ನೆಟ್ಟಗಿಲ್ಲದ ಮಂಡಿ, ಇನ್ನೂ ಪೂರ್ತಿ ಬಲ ಬರದ ಕೈ. ಬೆಳಗಾಗುವ ಮೊದಲಿನ ಕತ್ತಲಲ್ಲಿ ಯಾರೂ ಹಿಡಿಯುವವರಿಲ್ಲದೆ ಈ ಮೆಟ್ಟಿಲು ಇಳಿದು, ನನ್ನ ಸೀರೆ ಉಟ್ಟು ಮುಳುಗಿದ್ದಾಳೆ. ನೀರಿನಲ್ಲಿ ನಿಂತು ಆರು ಗಜದ ಸೀರೆ ಬಿಚ್ಚಿದ್ದಾಳೆ. ಎಡವಿದ್ದರೆ ಎತ್ತಲು ಒಂದು ನರಪಿಳ್ಳೆ ಇರಲಿಲ್ಲ.  ಬಯ್ಯಬೇಕೆಂದು ಬಾಯಿ ತೆರೆದೆ, ಅಳು ಬಂತು.

"ಆಮೇಕೆ ಆ ಅಕ್ಕಂಗೆ ಏಳಿದೆ, ಬುಟ್ಬಂದಿವ್ನಿ ಕಣವ್ವ ಅಂತ. ಅವ್ಳೂ ಅತ್ಲು. ನಿನ್ ಮಗಳ್ದೂ ಓಯ್ತು, ನನ್ ಮಗಳ್ದೂ ಓಗ್ಲಿ ಅಂದ್ಲು" ಎಂದಳು ಅವ್ವ. ಮತ್ತೆ ಕೊಕ್ಕೆಯ ಕಡೆ ಕೈ ತೋರಿಸಿ, ಮೆಲ್ಲಗೆ, ಬೇಡುವ ದನಿಯಲ್ಲಿ ಅಂದಳು: "ಬುಟ್ಬುಡು ಮಗ. ಅವ್ರು ನೋಡುದ್ರೆ ಮತ್ತೆ ಬರಾಕಿಲ್ಲ."

ಬೀದಿಯ ಕಡೆಯಿಂದ ತಂಬಿಗೆಗಳ ಸದ್ದು, ಹೆಂಗಸರ ಮಾತು ಹತ್ತಿರವಾಗುತ್ತಿತ್ತು. ದೋಟಿಯ ತುದಿಯಲ್ಲಿ ನನ್ನ ಸೀರೆ ನೀರು ಸುರಿಸುತ್ತಾ ನೇತಾಡುತ್ತಿತ್ತು. ಅದರ ನಾತ ಮೂಗಿಗೆ ಹೊಡೆಯುತ್ತಿತ್ತು. ಎಷ್ಟೋ ಭಾನುವಾರ ಯಾರುಯಾರನ್ನೋ ಶಪಿಸುತ್ತಾ ಎಳೆದ ಬಟ್ಟೆಗಳಿಗೂ ಇದಕ್ಕೂ ಏನೂ ವ್ಯತ್ಯಾಸ ಇರಲಿಲ್ಲ. ನಾನು ಗಳ ಚಾಚಿ, ಸಾಧ್ಯವಾದಷ್ಟು ದೂರಕ್ಕೆ, ಸೀರೆಯನ್ನು ಹೊಳೆಗೆ ಬಿಟ್ಟೆ.

ಅವ್ವನ ಮುಖ ಅರಳಿತು. ಮೆಟ್ಟಿಲು ಹತ್ತಿ ಬಂದ ನನ್ನ ಕೈ ಹಿಡಿದು, "ತಿರುಗಿ ನೋಡ್ಬ್ಯಾಡ" ಎಂದಳು. ಅಷ್ಟರಲ್ಲಿ ಎದುರು ಮನೆಯ ಅಕ್ಕ ಬಂದು ಅವಳ ಇನ್ನೊಂದು ಕೈ ಹಿಡಿದರು. ಇಬ್ಬರೂ ನಗುತ್ತಾ ಕೆಳಗೆ ಇಳಿಯತೊಡಗಿದರು. ನಾನು ತಿರುಗಿ ನೋಡಿದೆ. ಸೀರೆ ಎಲ್ಲಿಗೂ ಹೋಗಿರಲಿಲ್ಲ. ಒಂದು ಸುತ್ತು ಸುತ್ತಿ ಬಂದು, ಅವ್ವ ಕಾಲಿಡುವ ಮೆಟ್ಟಿಲಿಗೇ ಮತ್ತೆ ಸಿಕ್ಕಿಕೊಳ್ಳುತ್ತಿತ್ತು. ದೋಟಿ ಹಿಡಿದು ಓಡಿ ಕೆಳಗಿಳಿದೆ.